ನಾನೂರ ಮೂವತ್ತೇಳು ರಟ್ಟುಗಳು

ಜೂನ್ 3, ಮಂಗಳವಾರ

ತೆರಿಗೆ ಕಚೇರಿಯಿಂದ ಕಾಗದ ಬಂದಿದೆ. ಅಂಚೆಯವನು ಸಹಿ ಮಾಡಿಸಿಕೊಂಡು ಕೊಟ್ಟುಹೋದ. ಎರಡು ಸಲ ಓದಿದೆ, ತಲೆಗೆ ಹತ್ತಲಿಲ್ಲ. ಸಂಜೆ ನಮ್ಮ ಮನೆಯವರು ಔಷಧಿ ಗೋದಾಮಿನ ಕೆಲಸ ಮುಗಿಸಿ ಬಂದ ಮೇಲೆ ಬಿಡಿಸಿ ಹೇಳಿದರು.

ಕಳೆದ ವರ್ಷ, ಅಂದರೆ ನನ್ನ ಅಂಗಡಿಯ ಮೊದಲ ವರ್ಷ, ನಾನು ಲೆಕ್ಕ ಒಪ್ಪಿಸಿಲ್ಲವಂತೆ. ನನ್ನ ಬ್ಯಾಂಕ್ ಖಾತೆಗೆ ಒಂಬತ್ತು ಲಕ್ಷ ಚಿಲ್ಲರೆ ಜಮಾ ಆಗಿದೆಯಂತೆ. ಅದಷ್ಟನ್ನೂ ವ್ಯಾಪಾರವೆಂದು ಹಿಡಿದು, ಅರ್ಧ ಲಾಭವೆಂದು ಅಂದಾಜು ಮಾಡಿದ್ದಾರೆ. ತೆರಿಗೆ ಮತ್ತು ದಂಡ ಸೇರಿ ಒಂದು ಲಕ್ಷ ಮೂವತ್ತೆಂಟು ಸಾವಿರ ಕಟ್ಟಬೇಕು. ಒಪ್ಪಿಗೆಯಿಲ್ಲದಿದ್ದರೆ ಜುಲೈ ಹತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ಪುಸ್ತಕ, ರಸೀದಿ ಸಮೇತ ಹಾಜರಾಗಬೇಕು.

ಯಾವ ಪುಸ್ತಕ? ನನ್ನ ಹತ್ತಿರ ಪುಸ್ತಕವೇ ಇಲ್ಲ.

"ಅಂಗಡಿ ಬಿಟ್ಟುಕೊಟ್ರೆ ಮುಂಗಡ ಒಂದು ಲಕ್ಷ ವಾಪಸ್ ಬರುತ್ತೆ. ಮೂಲೆ ಕೊಯ್ಯೋ ಮಿಷನ್ನು ನಲವತ್ತು ಸಾವಿರಕ್ಕೆ ಹೋಗ್ಬಹುದು," ಎಂದರು ಇವರು. ಕೂತಲ್ಲೇ ಕೂಡಿಸಿಬಿಟ್ಟಿದ್ದರು. ಆಮೇಲೆ ನಾನು ಎಲ್ಲಿಗೆ ಹೋಗಬೇಕು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೆಯ ಯಜಮಾನರ ಅಂಗಡಿಗೇ, ಮತ್ತೆ ಸಂಬಳಕ್ಕೆ. ಹದಿನಾಲ್ಕು ವರ್ಷ ಅಲ್ಲಿ ಫೋಟೋಗಳಿಗೆ ಕಟ್ಟು ಹಾಕಿ, ಹದಿನೈದು ತಿಂಗಳ ಹಿಂದೆ ಹೊರಬಿದ್ದು ಸ್ವಂತ ಅಂಗಡಿ ತೆರೆದವಳು ನಾನು.

ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಹಾಳೆಗಳು ಉಳಿದಿದ್ದವು. ಅದರಲ್ಲಿ ಬರೆಯುತ್ತಿದ್ದೇನೆ.

ಇವತ್ತು ವ್ಯಾಪಾರ ಏನೋ ಸ್ವಲ್ಪ ಆಯಿತು.

ಜೂನ್ 4, ಬುಧವಾರ

ಪಕ್ಕದ ಕನ್ನಡಕದಂಗಡಿಯವರು ನನ್ನ ಮುಖ ನೋಡಿಯೇ ವಿಷಯ ಕೇಳಿದರು. ಹೇಳಿದೆ. ನಕ್ಕುಬಿಟ್ಟರು.

"ಇಷ್ಟಕ್ಕೆಲ್ಲ ಮುಖ ಸಪ್ಪೆ ಮಾಡ್ಕೊಳ್ತಾರೇನಮ್ಮಾ? ಒಂದು ಉದ್ದದ ಪುಸ್ತಕ ತಗೊಳ್ಳಿ. ದಿನಕ್ಕಿಷ್ಟು ಅಂತ ಬರ್ಕೊಂಡು ಹೋಗಿ. ಒಂದಿನ ಸಾವಿರ, ಒಂದಿನ ಐನೂರು. ಮಧ್ಯಾಹ್ನದೊಳಗೆ ವರ್ಷ ಮುಗಿಯುತ್ತೆ."

"ಅವರಿಗೆ ಗೊತ್ತಾಗಲ್ವಾ?"

"ಅವರೇನು ದಿನಾ ಬಂದು ನಿಮ್ಮಂಗಡಿ ಮುಂದೆ ನಿಂತಿದ್ರಾ?"

ಅದೂ ನಿಜವೆನ್ನಿಸಿತು. ಪುಸ್ತಕ ತಂದೆ. ಗಾಜು ಕೊಯ್ಯುವ ಮೇಜಿನ ಮೇಲೇ ಇಟ್ಟುಕೊಂಡು ಬರೆದೆ. ಗಿರಾಕಿ ಬಂದಾಗ ಮುಚ್ಚಿಡುತ್ತಿದ್ದೆ, ಪರೀಕ್ಷೆಯಲ್ಲಿ ಚೀಟಿ ಇಟ್ಟವಳ ಹಾಗೆ. ಮೂರು ಗಂಟೆಗೆ ವರ್ಷ ಮುಗಿಯಿತು. ಕೈ ನೋಯುತ್ತಿದೆ, ಮನಸ್ಸು ಹಗುರವಾಗಿದೆ.

ಜೂನ್ 6, ಶುಕ್ರವಾರ

ಇವರ ಗೋದಾಮಿನ ಲೆಕ್ಕ ನೋಡುವ ಆಡಿಟರ್ ಅಮ್ಮನ ಬಳಿ ಹೋಗಿದ್ದೆ. ಅರವತ್ತು ದಾಟಿದ ಹೆಂಗಸು. ಮನೆಯ ಮುಂದಿನ ಕೋಣೆಯೇ ಆಫೀಸು. ಕುರ್ಚಿಯ ಮೇಲಿದ್ದ ಕಡತಗಳ ಮೇಲೆ ಬೆಕ್ಕು ಮಲಗಿತ್ತು. ನಾನು ನಿಂತೇ ಇದ್ದೆ.

ನನ್ನ ಪುಸ್ತಕವನ್ನು ಅವರು ಹಿಂದೆ ಮುಂದೆ ತಿರುಗಿಸಿದರು. ಒಂದು ಹಾಳೆಯಲ್ಲಿ ಬೆರಳು ನಿಂತಿತು.

"ಏನಮ್ಮಾ, ಫೆಬ್ರವರಿ ಮೂವತ್ತನೇ ತಾರೀಕು ನಿಮ್ಮಂಗಡೀಲಿ ಏಳ್ನೂರು ವ್ಯಾಪಾರ ಆಗಿದೆ?"

ಬಗ್ಗಿ ನೋಡಿದೆ. ನಿಜ, ಹಾಗೇ ಬರೆದಿದ್ದೆ.

"ಒಂದೇ ಪೆನ್ನು, ಒಂದೇ ಕೈ, ಒಂದೇ ದಿನದ ಆತುರ. ಎಲ್ಲ ಸೊನ್ನೆಯಲ್ಲೇ ಮುಗಿಯೋ ದುಂಡು ಅಂಕಿ. ಇದನ್ನ ತಗೊಂಡು ಹೋದ್ರೆ ದಂಡ ಡಬಲ್ ಮಾಡಿ ಕಳಿಸ್ತಾರೆ." ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ನಿಜವಾದ್ದು ಎಲ್ಲಿದೆ?"

"ಯಾವುದು ಮೇಡಂ?"

"ಗಿರಾಕಿ ಬಂದಾಗ ಅಳತೆ, ದರ, ಮುಂಗಡ, ಎಲ್ಲಾದ್ರೂ ಬರ್ಕೊಳ್ತೀರಲ್ಲ?"

"ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೀತೀನಿ. ನಂಬರು, ಅಳತೆ, ದರ, ಮುಂಗಡ, ತಾರೀಕು."

"ಒಳ್ಳೇದಾಯ್ತು. ರಟ್ಟುಗಳೆಲ್ಲಿ?"

"ಕಟ್ಟಿನ ಹಿಂದೆ ಹಾಕಿರ್ತೀವಲ್ಲ ಮೇಡಂ, ಅದೇ ರಟ್ಟು."

"ಕಟ್ಟುಗಳೆಲ್ಲಿ?"

"ಅವರವರ ಗೋಡೆ ಮೇಲೆ."

ಆಡಿಟರ್ ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗಲಿಲ್ಲ. "ಅಂದ್ರೆ ನಿಮ್ಮ ಲೆಕ್ಕದ ಪುಸ್ತಕ ಊರಿನ ಗೋಡೆಗಳ ಮೇಲೆ ನೇತಾಡ್ತಿದೆ. ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ," ಎಂದರು.

ಆಮೇಲೆ ಹೇಳಿದ್ದು ಇಷ್ಟು. ಜಮಾ ಆದದ್ದೆಲ್ಲ ವ್ಯಾಪಾರವಲ್ಲ. ಆದರೆ ಒಂದೊಂದೂ ಎಲ್ಲಿಂದ ಬಂತು ಎಂದು ನಾನೇ ಹೇಳಬೇಕು, ಹೇಳಿದ್ದಕ್ಕೆ ಕಾಗದ ತೋರಿಸಬೇಕು. ಖರ್ಚಿಗೂ ಹಾಗೆಯೇ. ಅಂಗಡಿಗೆ ಬೇರೆ ಖಾತೆ ತೆರೆಯಬೇಕು. ನಾಳೆಯಿಂದಲೇ ಎರಡು ಪ್ರತಿಯ ಬಿಲ್ ಪುಸ್ತಕ ಇಡಬೇಕು.

ಫೀಸು ಮೂರು ಸಾವಿರ. ಕೊಟ್ಟೆ. ರಸೀದಿ ಹರಿದುಕೊಟ್ಟು, "ಜೋಪಾನ. ಇದು ನಿಮ್ಮ ಮೊದಲ ರಸೀದಿ," ಎಂದರು.

ಜೂನ್ 7, ಶನಿವಾರ

ಹಳೆಯ ಅಂಗಡಿಯ ಯಜಮಾನರನ್ನು ನೋಡಿ ಬಂದೆ. ರಟ್ಟಿನ ಮೇಲೆ ಬರೆಯುವುದನ್ನು ಕಲಿಸಿದವರೇ ಅವರು. ಹಾಗಿದ್ದರೆ ಇಷ್ಟು ವರ್ಷ ಅವರು ತೆರಿಗೆ ಹೇಗೆ ಕಟ್ಟಿದರು ಎಂಬ ಪ್ರಶ್ನೆ ನಿನ್ನೆಯಿಂದ ಕೊರೆಯುತ್ತಿತ್ತು.

"ಸಂಜೆ ಹೊತ್ತು ನಮ್ಮನೆಯವಳು ಅಂಗಡಿಗೆ ಬರ್ತಿದ್ಲಲ್ಲ, ಏನು ಮಾಡ್ತಿದ್ಲು ಅಂದ್ಕೊಂಡಿದ್ದೆ?" ಎಂದರು.

ಯಜಮಾನಿ ದಿನವೂ ಐದೂವರೆಗೆ ಬರುತ್ತಿದ್ದರು. ಗೋಡೆಗೆ ಒರಗಿಸಿಟ್ಟ ಕಟ್ಟುಗಳನ್ನು ಒಂದೊಂದಾಗಿ ಮುಂದಕ್ಕೆ ಬಾಗಿಸಿ ನೋಡುತ್ತಿದ್ದರು. ಕೈಯಲ್ಲೊಂದು ಕೆಂಪು ಪುಸ್ತಕವಿರುತ್ತಿತ್ತು. ನಾನು, ಧೂಳು ಒರೆಸಿದ್ದೇವೋ ಇಲ್ಲವೋ ಎಂದು ನೋಡಲು ಬರುತ್ತಾರೆ ಅಂದುಕೊಂಡಿದ್ದೆ. ಅವರು ಬರುವ ಹೊತ್ತಿಗೆ ಬಟ್ಟೆ ಹಿಡಿದು ಎಲ್ಲ ಕಟ್ಟುಗಳ ಬೆನ್ನೂ ಒರೆಸಿಡುತ್ತಿದ್ದೆ.

"ರಟ್ಟಿನಿಂದ ಪುಸ್ತಕಕ್ಕೆ ಇಳಿಸ್ತಿದ್ಲು. ಹದಿನಾಲ್ಕು ವರ್ಷ ಕಣ್ಣೆದುರಿಗೇ ಇತ್ತು. ಕೇಳಿದ್ರೆ ಹೇಳ್ತಿರ್ಲಿಲ್ವಾ?"

ನಾನು ಕೇಳಲಿಲ್ಲ. ಅದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಹೊರಡುವಾಗ ಯಜಮಾನರು, "ನಿನ್ನ ಮೇಜು ಹಾಗೇ ಇದೆ. ಬರೋದಾದ್ರೆ ಮೊದಲೇ ಹೇಳು," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬೇಕು. ದಾರಿಯುದ್ದಕ್ಕೂ ಅದೇ ಮಾತು ಚುಚ್ಚುತ್ತಿತ್ತು.

ಜೂನ್ 9, ಸೋಮವಾರ

ಮೊದಲ ಮನೆ. ಹಿಂದಿನ ಬೀದಿಯ ನಿವೃತ್ತ ಡ್ರೈವರ್. ಅವರ ಬೀಳ್ಕೊಡುಗೆಯ ಫೋಟೋ. ಮೊಳೆಯಿಂದ ಬಿಡಿಸುವಾಗ ಸುಣ್ಣ ಉದುರಿ ಮೊಳೆಯೂ ಕೈಗೆ ಬಂತು.

"ಕಟ್ಟು ಹಾಕೋರು ಮನೆಗೆ ಬಂದು ಗೋಡೆ ಕೆಡಿಸೋದನ್ನ ಮೊದಲ ಸಲ ನೋಡ್ತಿದ್ದೀನಿ," ಎಂದರು.

ರಟ್ಟಿನ ಎಡಮೂಲೆಯಲ್ಲಿ ನನ್ನದೇ ಅಕ್ಷರ: 212. 12×16. 950. ಮುಂ. 300. 9-11. ಫೋಟೋ ತೆಗೆದುಕೊಂಡೆ, ನೋಟ್‌ಬುಕ್ಕಿನಲ್ಲೂ ಬರೆದುಕೊಂಡೆ. ಮೊಳೆಯನ್ನು ಬೇರೆ ಜಾಗಕ್ಕೆ ಹೊಡೆದುಕೊಟ್ಟೆ.

ಇನ್ನೂ ಐದು ಮನೆ. ಸಂಜೆಗೆ ಒಟ್ಟು 6. ಇದೇ ವೇಗದಲ್ಲಿ ಹೋದರೆ ಜುಲೈ ಹತ್ತಕ್ಕೆ ಇನ್ನೂರೂ ಆಗುವುದಿಲ್ಲ.

ಹೊಸ ಬಿಲ್ ಪುಸ್ತಕ: ಬಿಲ್ 1 ಮತ್ತು 2.

ಜೂನ್ 11, ಬುಧವಾರ

ಆಡಿಟರ್ ಅಮ್ಮನಿಗೆ ಫೋನ್ ಮಾಡಿ, ಒಟ್ಟು ಎಷ್ಟು ಕಟ್ಟು ಹಾಕಿದ್ದೇನೆಂದೇ ಗೊತ್ತಿಲ್ಲವಲ್ಲ ಎಂದೆ.

"ನಂಬರು ಹಾಕಿದ್ದೀರಿ ಅಂದ್ರಲ್ಲ. ಒಂದರಿಂದ ಶುರು ಮಾಡಿದ್ರಾ?"

"ಹೌದು."

"ವರ್ಷದ ಕೊನೇದು ಎಷ್ಟು?"

ನೆನಪಿತ್ತು. ವರ್ಷ ಮುಗಿದ ದಿನ ಹಲ್ಲಿನ ಡಾಕ್ಟರು ಕೊಂಡೊಯ್ದದ್ದು 437.

"ಹಾಗಾದ್ರೆ ಒಂದರಿಂದ ನಾನೂರ ಮೂವತ್ತೇಳರವರೆಗೆ ಗೆರೆ ಹಾಕಿ. ಸಿಕ್ಕಿದ್ದಕ್ಕೆ ಅಂಕಿ, ಸಿಗದಿದ್ದಕ್ಕೆ ಖಾಲಿ. ಎಷ್ಟು ಸಿಕ್ಕಿಲ್ಲ ಅಂತ ಗೊತ್ತಿರೋದೂ ಲೆಕ್ಕವೇ."

ಗೆರೆ ಹಾಕುತ್ತಿರುವಾಗ ಇನ್ನೊಂದು ಹೊಳೆಯಿತು. ಕಟ್ಟು ಸಿದ್ಧವಾದಾಗ ಎಲ್ಲರಿಗೂ ಫೋನ್ ಮಾಡಿ ಕರೆದಿರುತ್ತೇನೆ. ನಂಬರುಗಳೆಲ್ಲ ಫೋನಿನಲ್ಲೇ ಇವೆ, "ಮದುವೆ ಫೋಟೋ", "ಉದ್ದ ಕೂದಲು", "ಚೌಕಾಸಿ" ಎಂಬ ಹೆಸರುಗಳಲ್ಲಿ. ಎಲ್ಲರಿಗೂ ಒಂದೇ ಮೆಸೇಜು ಕಳಿಸಿದೆ: "ನಮ್ಮಲ್ಲಿ ಕಟ್ಟು ಹಾಕಿಸಿದ ಚಿತ್ರವನ್ನು ದಯವಿಟ್ಟು ತಿರುಗಿಸಿ, ಹಿಂಬದಿಯ ಎಡಮೂಲೆಯ ಫೋಟೋ ತೆಗೆದು ಕಳಿಸಿ. ಲೆಕ್ಕಕ್ಕೆ ಬೇಕಾಗಿದೆ."

ಸಂಜೆಯೊಳಗೆ 31 ಬಂದವು. ಒಬ್ಬರು ತಮ್ಮದೇ ಫೋಟೋ ಕಳಿಸಿದ್ದಾರೆ, ಚಿತ್ರದ ಮುಂದೆ ನಿಂತು, ನಗುತ್ತಾ. ಇನ್ನೊಬ್ಬರು, "ಏನಾದರೂ ಬಹುಮಾನ ಇದೆಯಾ?" ಎಂದು ಕೇಳಿದ್ದಾರೆ.

ಜೂನ್ 15, ಭಾನುವಾರ

ಲಾಡ್ಜಿಗೆ ಹೋಗಿದ್ದೆ. ಅಲ್ಲಿ ನನ್ನವು 58 ಇವೆ, ಕೋಣೆಗೆ ಎರಡರಂತೆ. ಮ್ಯಾನೇಜರು ಒಳ್ಳೆಯವರು, ಆದರೆ ಕೋಣೆ ಖಾಲಿಯಾಗುವವರೆಗೆ ಕಾಯಬೇಕಿತ್ತು. ಮೊಗಸಾಲೆಯಲ್ಲಿ ಕೂತು ಒಬ್ಬೊಬ್ಬರು ಪೆಟ್ಟಿಗೆ ಎಳೆದುಕೊಂಡು ಹೊರಟಾಗಲೂ ಎದ್ದು ಓಡುತ್ತಿದ್ದೆ. ಒಂದು ಕೋಣೆಯಲ್ಲಿ ಇನ್ನೂ ಜನವಿದ್ದರು. ಬಾಗಿಲು ತೆರೆದ ಗಂಡಸಿಗೆ ಮ್ಯಾನೇಜರು, "ಚಿತ್ರದ ಹಿಂದೆ ಸ್ವಲ್ಪ ನೋಡ್ಬೇಕಿತ್ತು," ಎಂದದ್ದೇ ತಡ, ಆತ, "ಕ್ಯಾಮೆರಾ ಇಟ್ಟಿದ್ದೀರಾ?" ಎಂದು ಗಲಾಟೆ ಮಾಡಿ ತಾನೇ ಎರಡೂ ಚಿತ್ರ ಕಿತ್ತು ನೋಡಿದ. ನಾನು ಆ ಸಂದಿಯಲ್ಲಿ ನಂಬರು ಬರೆದುಕೊಂಡೆ.

ಅಲ್ಲಿಂದ ಕೋಳಿ ಸಾಕುವ ಅಜ್ಜಿಯ ಮನೆ. ನನ್ನನ್ನು ಕಂಡ ಕೂಡಲೇ ಸೆರಗಿನ ಗಂಟು ಬಿಚ್ಚತೊಡಗಿದರು.

"ಬಾಕಿ ಕೊಟ್ಟಿದ್ದೆನಲ್ಲವ್ವಾ? ಇನ್ನೂ ಇತ್ತಾ?"

"ಇಲ್ಲಜ್ಜೀ, ನೀವು ಕೊಡೋದೇನೂ ಇಲ್ಲ. ನಾನೇ ಬರ್ಕೊಳ್ಳೋದು ಮರ್ತಿದ್ದೆ."

"ಹಂಗಾದ್ರೆ ಕೂತ್ಕೋ. ದುಡ್ಡು ಕೇಳ್ದೇ ಬಂದೋರು ಅಪರೂಪ."

ರಟ್ಟಿನ ಮೇಲೆ 300 ಎಂದಿತ್ತು. ದೊಡ್ಡ ಅಳತೆ. ಮನೆಗೆ ಬಂದು ಕೂಡಿಸಿ ನೋಡಿದೆ: ಗಾಜು 240, ಕಟ್ಟಿನ ಮರದ ಪಟ್ಟಿ 310, ರಟ್ಟು, ಮೊಳೆ, ಟೇಪು 60. ಒಟ್ಟು 610ರ ಸಾಮಾನಿಗೆ 300 ತೆಗೆದುಕೊಂಡಿದ್ದೇನೆ. ಅಜ್ಜಿ ಎಂದು ಬಿಟ್ಟುಕೊಟ್ಟದ್ದಲ್ಲ. ಆವತ್ತು ಲೆಕ್ಕವನ್ನೇ ಹಾಕಿರಲಿಲ್ಲ. ಇಂಥವು ಇನ್ನೂ ಇವೆ. ಹನ್ನೊಂದನ್ನು ಗುರುತು ಮಾಡಿದ್ದೇನೆ.

ಒಂದೊಂದು ಅಳತೆಗೂ ದರದ ಪಟ್ಟಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿದೆ.

ಜೂನ್ 17, ಮಂಗಳವಾರ

ಇಂದು 19. ಒಟ್ಟು 204. ಬಿಲ್ 11ರಿಂದ 13.

ಜೂನ್ 20, ಶುಕ್ರವಾರ

ಇಲ್ಲಿಯವರೆಗೆ ಸಿಕ್ಕಿದ್ದನ್ನು ಆಡಿಟರ್ ಅಮ್ಮನಿಗೆ ತೋರಿಸಿದೆ. ಬೆಕ್ಕನ್ನು ಎತ್ತಿ ಕೆಳಗಿಟ್ಟು ಕುರ್ಚಿ ಕೊಟ್ಟರು.

"ಇದೇನು, ಅಲ್ಲಲ್ಲಿ ಸೊನ್ನೆ?"

"ಅವು ನಮ್ಮವರದು ಮೇಡಂ. ದುಡ್ಡು ತಗೊಂಡಿಲ್ಲ."

"ನಮ್ಮವರು ಅಂದ್ರೆ?"

"ನಾದಿನಿ, ನಾದಿನಿಯ ಓರಗಿತ್ತಿ, ಇವರ ದೊಡ್ಡಮ್ಮ..."

"ಇಪ್ಪತ್ತಮೂರು ಇವೆ! ನಿಮ್ಮ ಮನೆಯವರ ಕಡೆಯೋರಿಗೆಲ್ಲ ಫೋಟೋ ತೆಗೆಸೋದೇ ಕೆಲಸವಾ?" ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. "ನೋಡಿ, ದಾನ ಮಾಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಆ ಗಾಜು, ಪಟ್ಟಿಯನ್ನ ಅಂಗಡಿ ಖರ್ಚಿಗೆ ಸೇರಿಸೋ ಹಾಗಿಲ್ಲ. ಅದು ನೀವು ಮನೆಗೆ ತಗೊಂಡ ಹಾಗೆ. ತೆಗೀತೀನಿ."

ಕೈಗೆ ಬಂದು ಬ್ಯಾಂಕಿಗೆ ಹೋಗದೆ ತರಕಾರಿಗೆ, ಮಗಳ ಶಾಲೆಗೆ ಖರ್ಚಾದದ್ದನ್ನೂ ವ್ಯಾಪಾರಕ್ಕೆ ಸೇರಿಸಬೇಕಂತೆ. ರಟ್ಟಿನಲ್ಲಿ ಇದ್ದರೆ ಲೆಕ್ಕದಲ್ಲೂ ಇರಬೇಕು. "ಅದು ತೆರಿಗೆಯವರಿಗೆ ಗೊತ್ತೇ ಇಲ್ಲವಲ್ಲ," ಎಂದು ಬಾಯಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದ ಮೇಲೆ ಅದನ್ನೂ ಸೇರಿಸಿ ಬರೆದೆ.

ಆಮೇಲೆ ಬ್ಯಾಂಕ್ ಪುಸ್ತಕ. ಒಟ್ಟು ಜಮಾ 9,62,000. ಅದರಲ್ಲಿ ನನ್ನ ಖಾತೆಗೇ ಬರುವ ಇವರ ಸಂಬಳ ತಿಂಗಳಿಗೆ 18,000ದಂತೆ 2,16,000. ಅದಕ್ಕೆ ಸಂಬಳದ ಚೀಟಿ ಇದೆ. ವ್ಯಾಪಾರದ್ದು 4,46,000. ಉಳಿದದ್ದು 3,00,000, ಮೂರು ಸಲವಾಗಿ, ನಗದು.

"ಇದು ಯಾರದ್ದು?"

"ನಮ್ಮಕ್ಕ ಕೊಟ್ಟದ್ದು. ಅಂಗಡಿ ಹಾಕೋಕೆ."

"ಸಾಲವೋ, ಉಡುಗೊರೆಯೋ, ಪಾಲೋ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕ ಕೊಟ್ಟಳು, ನಾನು ತೆಗೆದುಕೊಂಡೆ. ಏನೆಂದು ಕೊಟ್ಟಳು ಎಂದು ನಾನೂ ಕೇಳಲಿಲ್ಲ.

"ಕೇಳಿ. ಅವರ ಸಹಿ ಬೇಕು. ಅವರ ಖಾತೆಯಿಂದ ಹಣ ತೆಗೆದ ಪುಟ ಬೇಕು. ಇಲ್ಲದಿದ್ರೆ ಆ ಮೂರು ಲಕ್ಷವೂ ನಿಮ್ಮ ಲಾಭ ಅಂತಾರೆ. ಉಳಿದದ್ದು ಎಷ್ಟು ಸರಿಯಿದ್ರೂ ಎಪ್ಪತ್ತು ಸಾವಿರದ ಹತ್ತಿರ ಬೀಳುತ್ತೆ."

ಎಪ್ಪತ್ತು ಸಾವಿರವಾದರೂ ಅಂಗಡಿ ಉಳಿಯುವುದಿಲ್ಲ. ಮಿಷನ್ನು ಮಾರಿದರೆ ಕೆಲಸ ಯಾವುದರಲ್ಲಿ ಮಾಡಲಿ?

ಜೂನ್ 23, ಸೋಮವಾರ

ಅಕ್ಕನನ್ನು ಆಸ್ಪತ್ರೆಯಲ್ಲೇ ಹೋಗಿ ಕಂಡೆ. ಅವಳು ಅಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ನೋಟೀಸಿನ ವಿಷಯ ಕೇಳಿ ಹೌಹಾರಿದಳು. ಸಹಿ, ಬ್ಯಾಂಕ್ ಪುಸ್ತಕ ಎಂದ ಕೂಡಲೇ ಮುಖ ಬದಲಾಯಿತು.

"ಸಾಲ ಅಂತ ಬರೀತೀಯಾ? ನಾನು ನಿನಗೆ ಸಾಲ ಕೊಟ್ನಾ?"

"ಹಾಗಲ್ಲ ಅಕ್ಕ, ಅವರಿಗೆ ಏನಾದ್ರೂ ಒಂದು ಹೆಸರು ಬೇಕಂತೆ."

"ನಿನ್ನ ಬಾಣಂತನ ಮಾಡಿದ್ದಕ್ಕೂ ಹೆಸರು ಕೇಳ್ತಾರಾ? ಅದಕ್ಕೂ ಬಿಲ್ಲು ಮಾಡು."

ಅವಳ ಪಕ್ಕಕ್ಕೆ ಸರಿದು ಕೂತೆ. ಆಮೇಲೆ ಅವಳೇ ಮೆಲ್ಲಗೆ ಹೇಳಿದಳು. ಬಸ್ ಡಿಪೋದಲ್ಲಿ ಕೆಲಸ ಮಾಡುವ ಭಾವನಿಗೆ ಈ ವಿಷಯ ಗೊತ್ತಿಲ್ಲ. ಆ ದುಡ್ಡು ಇನ್ನೂ ಅವಳ ಖಾತೆಯಲ್ಲೇ ಇದೆ, ಮನೆಗೆ ಮೇಲ್ಮಹಡಿ ಕಟ್ಟಲಿಕ್ಕೆ ಎಂದು ಅವರು ನಂಬಿದ್ದಾರೆ. ಆ ಪುಟ ಹೊರಗೆ ಬಂದರೆ ಮನೆಯಲ್ಲಿ ರಾಮಾಯಣವೇ ಆಗುತ್ತದೆ.

"ಹೇಗಾದ್ರೂ ನನ್ನ ಹೆಸರು ಬರದ ಹಾಗೆ ಮಾಡು," ಎಂದಳು. ಗಂಟೆಯಾಯಿತು, ಎದ್ದು ಹೋದಳು. ಊಟದ ಡಬ್ಬಿ ತೆರೆದೇ ಇರಲಿಲ್ಲ.

ಜೂನ್ 24, ಮಂಗಳವಾರ

ನಾದಿನಿ ಮಗನ ಫೋಟೋ ತಂದಿದ್ದಳು. "ಹೋದ ಸಲದ್ದರ ಹಾಗೇ ಹಾಕ್ಬಿಡಿ ಅತ್ತಿಗೆ, ಅರ್ಜೆಂಟಿಲ್ಲ." ದರದ ಪಟ್ಟಿ ನೋಡಿ ಹೇಳಿದೆ, 1,150. ಅವಳು ಪಟ್ಟಿಯನ್ನೂ ನನ್ನನ್ನೂ ನೋಡಿ, "ಅಣ್ಣನ ಹತ್ರ ಮಾತಾಡ್ತೀನಿ," ಎಂದಳು. ಫೋಟೋ ಮಾತ್ರ ಬಿಟ್ಟುಹೋದಳು. ಬಿಲ್ 19 ಬರೆದಿಟ್ಟಿದ್ದೇನೆ. ಮುಂಗಡ ಇಲ್ಲ.

ಒಟ್ಟು 290.

ಜೂನ್ 28, ಶನಿವಾರ

ಅಕ್ಕ ಫೋನ್ ಎತ್ತುತ್ತಿಲ್ಲ.

ಆಡಿಟರ್ ಅಮ್ಮನಿಗೆ ನನ್ನ ತೀರ್ಮಾನ ಹೇಳಿದೆ: ಆ ಮೂರು ಲಕ್ಷವನ್ನೂ ವ್ಯಾಪಾರವೆಂದೇ ತೋರಿಸಿ, ಎಪ್ಪತ್ತು ಸಾವಿರ ಎಲ್ಲಿಂದಾದರೂ ತಂದು ಕಟ್ಟುತ್ತೇನೆ.

"ಆಗಲ್ಲ," ಎಂದರು.

"ನಷ್ಟ ನನಗೇ ತಾನೇ ಮೇಡಂ? ಸರ್ಕಾರಕ್ಕೇನು?"

"ನಿಮಗೆ ವಿರುದ್ಧವಾಗಿ ಹೇಳಿದ್ರೂ ಸುಳ್ಳು ಸುಳ್ಳೇ. ಮೂರು ಲಕ್ಷದ ಕಟ್ಟು ಹಾಕಿದ್ದಕ್ಕೆ ರಟ್ಟು ತೋರಿಸಿ ಅಂದ್ರೆ ಎಲ್ಲಿಂದ ತರ್ತೀರಿ? ಆ ಒಂದು ಸುಳ್ಳಿಗೆ ಉಳಿದ ನಿಜವೂ ಮುಳುಗಿಹೋಗುತ್ತೆ. ನಾನು ಅದಕ್ಕೆ ಸಹಿ ಹಾಕಲ್ಲ."

ಹಾಗಾದರೆ ಏನು ಮಾಡಲಿ ಎಂದು ಕೇಳಿದೆ. ಅದು ಲೆಕ್ಕದ ಪ್ರಶ್ನೆಯಲ್ಲ, ತನಗೆ ಗೊತ್ತಿಲ್ಲ ಎಂದರು.

ಜುಲೈ 2, ಬುಧವಾರ

ಸಾಮಾನು ಕೊಟ್ಟವರೆಲ್ಲ ಬಿಲ್ಲಿನ ನಕಲು ಕೊಟ್ಟರು. ಪಟ್ಟಿ 1,52,000. ಗಾಜು 61,000. ರಟ್ಟು, ಮೊಳೆ, ಟೇಪು 23,000. ಬಾಡಿಗೆ 96,000. ಕರೆಂಟು 9,000. ಒಟ್ಟು 3,41,000. ಗಾಜಿನವರು 1,800 ಹೆಚ್ಚು ಬರೆದಿದ್ದರು, ಒಡೆದು ವಾಪಸ್ ಕೊಟ್ಟದ್ದನ್ನು ಕಳೆದಿರಲಿಲ್ಲ. ಕೂತು ತಿದ್ದಿಸಿಕೊಂಡು ಬಂದೆ.

ರಟ್ಟು 391. ಇನ್ನು ಸಿಗುವುದು ಅನುಮಾನ. ಮನೆ ಬದಲಿಸಿದವರು, ಒರೆಸಿ ಹಾಕಿದವರು, ತೇವಕ್ಕೆ ಅಕ್ಷರ ಹೋದದ್ದು, ಎಲ್ಲ ಸೇರಿ 46 ಖಾಲಿ.

ಅಕ್ಕನಿಗೆ ಮೆಸೇಜು ಹಾಕಿದೆ: "ನಿನ್ನ ಹೆಸರು ಎಲ್ಲೂ ಬರೆದಿಲ್ಲ. ಊಟ ಮಾಡು." ಓದಿದ್ದಾಳೆ. ಉತ್ತರ ಇಲ್ಲ.

ಜುಲೈ 6, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಬಂದಳು. ಕೈಚೀಲದಿಂದ ಬ್ಯಾಂಕ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೊನ್ನೆ ತಿಂಡಿ ತಿನ್ನೋವಾಗ ಅವರಿಗೆ ಹೇಳ್ಬಿಟ್ಟೆ. ತಟ್ಟೆ ತಳ್ಳಿ ಎದ್ದುಹೋದ್ರು. ಬಾಗಿಲು ಹಾಕಿದ ಸದ್ದಿಗೆ ಎದುರು ಮನೆಯೋರು ಇಣುಕಿ ನೋಡಿದ್ರು. ನಿನ್ನೆ ಡಿಪೋದಿಂದ ಬಂದು ಒಂದೇ ಮಾತು ಕೇಳಿದ್ರು, ಯಾವಾಗ ವಾಪಸ್ ಬರುತ್ತೆ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ ಕಣೇ."

"ನನ್ನ ಮೇಲೆ ಸಿಟ್ಟಾ?"

"ಸಿಟ್ಟಿರೋದು ನನಗೆ. ಆ ಪ್ರಶ್ನೆ ನನಗೂ ಇತ್ತು. ನಿನ್ನನ್ನ ಕೇಳೋಕೆ ನಾಚಿಕೆ ಆಗಿತ್ತು. ಕೇಳಿದ್ರೆ ಏನಂದ್ಕೊಳ್ತೀಯೋ ಅಂತ." ಮೂಗು ಒರೆಸಿಕೊಂಡಳು. "ಸಾಲ ಅಂತಲೇ ಬರಿ. ಬಡ್ಡಿ ಬೇಡ. ತಿಂಗಳಿಗೆ ಎಷ್ಟು ಕೊಡ್ತೀಯ ಅನ್ನೋದನ್ನೂ ಬರಿ."

ಕಳೆದ ವರ್ಷದ ಲಾಭ ತಿಂಗಳಿಗೆ 17,200 ಬಿದ್ದಿದೆ, ಹೋದ ತಿಂಗಳಿಂದ ದರವೂ ಸರಿಯಾಗಿದೆ, ಐದು ಸಾವಿರದಂತೆ ಅರವತ್ತು ತಿಂಗಳು ಕೊಡಬಲ್ಲೆ ಎಂದೆ.

"ಆಗುತ್ತಾ ನಿನ್ನ ಕೈಲಿ?"

"ಆಗುತ್ತೆ."

ಇಬ್ಬರೂ ಆಡಿಟರ್ ಅಮ್ಮನ ಮನೆಗೆ ಹೋದೆವು. ಮೂರು ಸಲ ಹಣ ತೆಗೆದ ತಾರೀಕುಗಳೂ ನನ್ನ ಖಾತೆಗೆ ಜಮಾ ಆದ ತಾರೀಕುಗಳೂ ಕೂಡಿಬಂದವು: 1,20,000, 1,00,000, 80,000. ಕರಾರಿಗೆ ಹಿಂದಿನ ತಾರೀಕು ಹಾಕೋಣವೇ ಎಂದು ಅಕ್ಕ ಕೇಳಿದಳು.

"ಫೆಬ್ರವರಿ ಮೂವತ್ತು ಹಾಕೋಣ್ವಾ?" ಎಂದರು ಆಡಿಟರ್ ಅಮ್ಮ, ನನ್ನ ಕಡೆ ನೋಡುತ್ತಾ. ಇವತ್ತಿನ ತಾರೀಕೇ ಹಾಕಿದೆವು. ಆಗಸ್ಟ್ ಒಂದರಿಂದ ಕಂತು. ಅಕ್ಕ ಸಹಿ ಹಾಕುವ ಮೊದಲು ಪೂರ್ತಿ ಓದಿದಳು, ಎರಡು ಸಲ.

ಜುಲೈ 10, ಗುರುವಾರ

ಇವರು ರಜೆ ಹಾಕಿ ಬರುತ್ತೇನೆಂದರು. ಬೇಡ, ಸಂಬಳ ಕತ್ತರಿಸುತ್ತಾರೆ ಎಂದೆ. ಆಡಿಟರ್ ಅಮ್ಮ ಹೊರಗಿನ ಬೆಂಚಿನಲ್ಲಿ ಕೂತರು. "ಕರೆದ್ರೆ ಬರ್ತೀನಿ. ಅಂಗಡಿ ನಿಮ್ದು, ನೀವೇ ಹೇಳಿ."

ಅಧಿಕಾರಿ ನನಗಿಂತ ಚಿಕ್ಕವರು. ಶೀತವಾಗಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ರಟ್ಟುಗಳ ಫೋಟೋಗಳನ್ನು ನಂಬರಿನ ಪ್ರಕಾರ ಮುದ್ರಿಸಿ ಜೋಡಿಸಿದ್ದೆ. ಹತ್ತು ಹಾಳೆ ತಿರುಗಿಸಿ ತಲೆಯೆತ್ತಿದರು.

"ಇದೆಲ್ಲ ನೀವೇ ಮೊನ್ನೆ ಕೂತು ಬರೆದದ್ದಲ್ಲ ಅಂತ ಹೇಗೆ ನಂಬೋದು?"

"ಯಾವುದಾದ್ರೂ ಒಂದು ನಂಬರು ಹೇಳಿ ಸರ್. ಮನೆಯವರ ಫೋನು ಪಕ್ಕದಲ್ಲೇ ಇದೆ. ನೀವೇ ಕೇಳಿ."

ಅವರು 212ಕ್ಕೆ ಬೆರಳಿಟ್ಟು ಫೋನ್ ಮಾಡಿದರು, ನನಗೂ ಕೇಳುವ ಹಾಗೆ. ಚಿತ್ರ ತಿರುಗಿಸಿ ನೋಡಿ ಹೇಳುತ್ತೀರಾ ಎಂದದ್ದಕ್ಕೆ ಡ್ರೈವರ್, "ಮತ್ತೆ ತಿರುಗಿಸ್ಬೇಕಾ? ಹೋದ ಸಲ ಗೋಡೆಗೆ ಸುಣ್ಣ ಬಳಿಸಿದ ದುಡ್ಡು ಯಾರು ಕೊಡ್ತೀರಿ?" ಎಂದು ಕೂಗಾಡಿ, ಕೊನೆಗೆ ಓದಿದರು. ಒಂಬೈನೂರ ಐವತ್ತು, ಮುಂಗಡ ಮುನ್ನೂರು. ಅಧಿಕಾರಿ ಇನ್ನೂ ಮೂರು ಕಡೆ ಫೋನ್ ಮಾಡಿದರು. ಮೂರೂ ಸರಿಬಂದವು.

"ಈ ಖಾಲಿ ನಲವತ್ತಾರು?"

"ಸಿಕ್ಕಿಲ್ಲ ಸರ್. ದುಡ್ಡು ತಗೊಂಡ ಮುನ್ನೂರ ಅರವತ್ತೆಂಟರ ಸರಾಸರಿ ಸಾವಿರದ ಮುನ್ನೂರು. ಅದನ್ನೇ ಹಾಕಿದ್ದೀನಿ. ಸಿಕ್ಕಿಲ್ಲ ಅಂತಾನೂ ಬರೆದಿದ್ದೀನಿ."

"ಏನಾದ್ರೂ ತುಂಬಿಸಿಬಿಡಬಹುದಿತ್ತಲ್ಲ?"

"ತುಂಬಿಸಬಹುದಿತ್ತು."

ಅಕ್ಕನ ಕರಾರನ್ನೂ ಬ್ಯಾಂಕ್ ಪುಟವನ್ನೂ ಬಹಳ ಹೊತ್ತು ನೋಡಿದರು. ಕರಾರು ನಾಲ್ಕೇ ದಿನದ ಹಿಂದಿನದಲ್ಲವೇ ಎಂದು ಕೇಳಿದರು. ಹೌದು, ಮೊದಲು ಬರೆದುಕೊಂಡಿರಲಿಲ್ಲ, ಅದು ನಮ್ಮ ತಪ್ಪು, ಆದರೆ ದುಡ್ಡು ಬಂದ ತಾರೀಕುಗಳು ಬ್ಯಾಂಕಿನವು ಎಂದೆ. ಅವರು ಸೀನಿದರು. ಆಮೇಲೆ ಎಲ್ಲದಕ್ಕೂ ಮುದ್ರೆ ಒತ್ತಿ ಇಟ್ಟುಕೊಂಡರು. ಆದೇಶ ಅಂಚೆಯಲ್ಲಿ ಬರುತ್ತದಂತೆ.

ಒಪ್ಪಿಸಿದ ಕಾಗದಗಳಿಗೆ ಸ್ವೀಕೃತಿ ಕೇಳಿ ತೆಗೆದುಕೊಂಡು ಬಂದೆ. 52 ಪುಟ.

ಜುಲೈ 24, ಗುರುವಾರ

ಆದೇಶ ಬಂತು. ಅಂಗಡಿಯಲ್ಲೇ ಒಡೆದು ಓದಿದೆ. ವ್ಯಾಪಾರ 5,38,200. ಖರ್ಚು, ಪುಕ್ಕಟೆ ಕೊಟ್ಟವುಗಳ ಸಾಮಾನು 9,200 ಕಳೆದು, 3,31,800. ಲಾಭ 2,06,400. ಅಕ್ಕನ 3,00,000 ಸಾಲವೆಂದು ಒಪ್ಪಿದ್ದಾರೆ. ತೆರಿಗೆ 10,320, ತಡವಾದ ದಂಡ 2,000. ಒಟ್ಟು 12,320. ಮಧ್ಯಾಹ್ನವೇ ಕಟ್ಟಿದೆ. ರಸೀದಿ ಕಡತದಲ್ಲಿದೆ.

ಸಂಜೆ ಇವರಿಗೆ ಹೇಳಿದೆ. "ಟೀ ನಾನು ಮಾಡ್ತೀನಿ," ಎಂದು ಒಳಗೆ ಹೋದರು. ಸಕ್ಕರೆ ಎಲ್ಲಿದೆ ಎಂದು ಮೂರು ಸಲ ಕೂಗಿ ಕೇಳಿದರು.

ಬಿಲ್ 52, 53. ನಾದಿನಿ 1,150 ಕೊಟ್ಟು ಫೋಟೋ ಒಯ್ದಳು. ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಂಡಳು.

ಆಗಸ್ಟ್ 1, ಶುಕ್ರವಾರ

ಬಾಗಿಲು ತೆರೆದು ಕಸ ಗುಡಿಸುತ್ತಿದ್ದಾಗ ಭಾವ ಬಂದರು. ಡಿಪೋಗೆ ಹೋಗುವ ದಾರಿಯಲ್ಲಿ ಬಂದದ್ದು, ಹೆಗಲಲ್ಲಿ ಚೀಲವಿತ್ತು. ಅಕ್ಕ ದುಡ್ಡಿನ ವಿಷಯ ಹೇಳಿದ ದಿನದಿಂದ ನನ್ನೊಂದಿಗೆ ಮಾತಾಡಿರಲಿಲ್ಲ.

"ಇವತ್ತು ಒಂದನೇ ತಾರೀಕು."

"ಹೌದು ಭಾವ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಐದು ಸಾವಿರ ಕೊಡು."

ಲಕೋಟೆಯಲ್ಲಿ ಎಣಿಸಿಟ್ಟಿದ್ದೆ. "ಸಿದ್ಧವಾಗಿದೆ. ಅಕ್ಕ ಬರ್ಲಿ, ಕೊಡ್ತೀನಿ," ಎಂದೆ.

"ನಾನು ಬಂದಿಲ್ವಾ?"

"ಕರಾರಿನಲ್ಲಿ ಅಕ್ಕನ ಹೆಸರಿದೆ. ರಸೀದಿಗೆ ಅವಳೇ ಸಹಿ ಹಾಕ್ಬೇಕು."

"ಗಂಡ ಹೆಂಡ್ತಿ ಮಧ್ಯೆ ಎಂಥ ರಸೀದಿ?"

"ನಿಮ್ಮಿಬ್ಬರ ಮಧ್ಯೆ ಅಲ್ಲ ಭಾವ. ನನ್ನ ಮತ್ತೆ ಅಕ್ಕನ ಮಧ್ಯೆ."

ಅವರು ಬಾಗಿಲಲ್ಲೇ ನಿಂತು ದರದ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. "ತೆರಿಗೆಯವರಿಗಿಂತ ನೀನೇ ಜೋರಾದೆ," ಎಂದು ಹೊರಟುಹೋದರು. ಕಸದ ಉಳಿದರ್ಧ ಗುಡಿಸಿದೆ.

ಮೂರು ನಲವತ್ತಕ್ಕೆ ಅಕ್ಕ ಬಂದಳು, ಕೆಲಸ ಮುಗಿಸಿ ನೇರವಾಗಿ, ಸಮವಸ್ತ್ರದಲ್ಲೇ.

"ಅವರು ಬಂದಿದ್ರಂತೆ?"

"ಬಂದಿದ್ರು. ರಸೀದಿ ವಿಷಯ ಹೇಳಿದೆ."

ಅಕ್ಕ ನೋಟುಗಳನ್ನು ಎರಡು ಸಲ ಎಣಿಸಿದಳು. ಎರಡು ಪ್ರತಿಗೂ ಸಹಿ ಹಾಕಿ, ತನ್ನ ಪ್ರತಿಯನ್ನು ಬ್ಯಾಂಕ್ ಪುಸ್ತಕದೊಳಗೆ ಮಡಚಿಟ್ಟಳು. ದುಡ್ಡನ್ನು ಚೀಲಕ್ಕೆ ಹಾಕಲಿಲ್ಲ. ಸಮವಸ್ತ್ರದ ಜೇಬಿಗೆ ಹಾಕಿ ಮೇಲೆ ಪಿನ್ನು ಚುಚ್ಚಿದಳು.

"ಮಹಡಿಗಾ?" ಎಂದು ಕೇಳಿದೆ.

"ಇನ್ನೂ ಯೋಚನೆ ಮಾಡಿಲ್ಲ," ಎಂದಳು. ಕುರ್ಚಿ ಎಳೆದುಕೊಂಡು ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಮನೆಗೆ ಹೊರಡುವ ಆತುರ ಕಾಣಲಿಲ್ಲ.

ಕಂತು 1: 5,000. ಬಾಕಿ 2,95,000.